ಮುಟ್ಟು ನಿಂತು 9 ವರ್ಷ ಆದ ಮೇಲೆ ಗರ್ಭಕೋಶದ ಗಡ್ಡೆಗೆ ಈಸ್ಟ್ರೋಜನ್ ಬಂದದ್ದು ಎಲ್ಲಿಂದ?

ಬ್ರಹ್ಮಾವರದ ಮಗಳು:
ಎಲ್ರಿಗೂ ನಮಸ್ಕಾರ. ಅಮ್ಮನಿಗೆ 61 ವರ್ಷ, ಮುಟ್ಟು ನಿಂತು 9 ವರ್ಷ ಆಗಿತ್ತು. ಆಟಿ ತಿಂಗಳ ಮಳೆಯಲ್ಲಿ ಒಂದು ದಿನ ಬೆಳಿಗ್ಗೆ ಐದು ಗಂಟೆಗೆ ಬಾವಿಕಟ್ಟೆಯಲ್ಲಿ ಕೊಡಪಾನದ ಶಬ್ದ ಕೇಳಿ ಎದ್ದು ಹೋಗಿ ನೋಡಿದ್ರೆ ಅಮ್ಮ ಒಬ್ರೇ ಕತ್ತಲಲ್ಲಿ ಲಂಗ ಒಗಿತಾ ಇದ್ರು. ಎಂತ ಅಮ್ಮ ಇಷ್ಟು ಬೇಗ ಅಂದ್ರೆ ಎಂತ ಇಲ್ಲ ಮಲಗು ಹೋಗು ಅಂದ್ರು. ಕಲ್ಲಿನ ಮೇಲೆ ನೀರು ಕೆಂಪು ಹರೀತಾ ಇತ್ತು. ಕೇಳಿದ್ರೆ ಎರಡು ತಿಂಗಳಿಂದ ಆಗಾಗ ಹೋಗ್ತಾ ಉಂಟಂತೆ, ಒಗೆದು ಹಟ್ಟಿಯ ಹಿಂದೆ ಒಣಗಿಸ್ತಾ ಇದ್ರಂತೆ ಯಾರಿಗೂ ಗೊತ್ತಾಗಬಾರ್ದು ಅಂತ.

ಅತ್ತೆ ಉಷ್ಣ ಆದದ್ದು ಬೊಂಡ ಕುಡಿಸಿ ಅಂದ್ರು. ಮೊದಲು ಹೋದ ಒಂದು ಕ್ಲಿನಿಕ್‌ನಲ್ಲಿ ಸ್ಕ್ಯಾನ್ ಮಾಡದೆ ಬ್ಲೀಡಿಂಗ್ ನಿಲ್ಲುವ ಮಾತ್ರೆ ಕೊಟ್ಟು ಕಳಿಸಿದ್ರು, ಅದ್ರಲ್ಲಿ ಇನ್ನೊಂದು ತಿಂಗಳು ಹೋಯ್ತು. ಆಮೇಲೆ ಬೇರೆ ಕಡೆ ಸ್ಕ್ಯಾನ್ ಮಾಡಿದಾಗ ಗರ್ಭಕೋಶದ ಒಳಪದರ 14 ಮಿಲಿಮೀಟರ್ ಇತ್ತು. ಬಯಾಪ್ಸಿ, ಆಪರೇಷನ್ ಎಲ್ಲ ಆಯ್ತು. ಗರ್ಭಕೋಶ, ಎರಡೂ ಅಂಡಾಶಯ, ನಳಿಗೆ ಎಲ್ಲ ತೆಗೆದಿದ್ದಾರೆ. ರಿಪೋರ್ಟಲ್ಲಿ ಗರ್ಭಕೋಶದ ಒಳಪದರದ ಕ್ಯಾನ್ಸರ್, ಎಂಡೋಮೆಟ್ರಿಯಾಯ್ಡ್ ಜಾತಿ, ಗ್ರೇಡ್ 1, ಒಂದನೇ ಹಂತ, ಈಸ್ಟ್ರೋಜನ್ ರಿಸೆಪ್ಟರ್ ಪಾಸಿಟಿವ್ ಅಂತ ಉಂಟು. ಸದ್ಯಕ್ಕೆ ಕೀಮೋ ರೇಡಿಯೇಷನ್ ಎಂತದೂ ಬೇಡ, ಚೆಕಪ್‌ಗೆ ಬಂದ್ರೆ ಸಾಕು ಅಂದ್ರು, ದೇವರ ದಯೆ.

ಈಗ ಅಮ್ಮನ ಪ್ರಶ್ನೆ, ಅದನ್ನೇ ಇಲ್ಲಿ ಕೇಳ್ತೇನೆ. ಡಾಕ್ಟ್ರು ಇದು ಈಸ್ಟ್ರೋಜನ್ ತಿಂದು ಬೆಳೆಯುವ ಗಡ್ಡೆ ಅಂದ್ರಂತೆ. ಅಮ್ಮ ಹೇಳ್ತಾರೆ, "ಮುಟ್ಟು ನಿಂತು ಒಂಬತ್ತು ವರ್ಷ ಆಯ್ತಲ್ಲ, ನನ್ನ ಹತ್ರ ಹಾರ್ಮೋನು ಎಲ್ಲಿ ಉಂಟು ಈಗ?" ಆಪರೇಷನ್ ಮುಂಚೆ ಮಾಡಿದ ಬ್ಲಡ್ ಟೆಸ್ಟಲ್ಲೂ ಎಸ್ಟ್ರಾಡಯೋಲ್ ಎನ್ನುವ ಈಸ್ಟ್ರೋಜನ್ ತುಂಬ ಕಡಿಮೆ ಬಂದಿತ್ತು. ಹಾಗಾದ್ರೆ ಅದು ತಿಂದದ್ದು ಯಾರದ್ದು? ನನಗೂ ಗೊತ್ತಾಗ್ಲಿಲ್ಲ. ಗೊತ್ತಿದ್ದವರು ಸರಿಯಾಗಿ ಬಿಡಿಸಿ ಹೇಳಿ.

ಮಣಿಪಾಲದ ಮಾಷ್ಟ್ರು:
ನಾನು ಡಾಕ್ಟರ್ ಅಲ್ಲ ತಂಗಿ, ಬಯೋಕೆಮಿಸ್ಟ್ರಿ ಪಾಠ ಮಾಡುವವ. ಟ್ರೀಟ್‌ಮೆಂಟ್ ವಿಷಯ ನಿಮ್ಮ ಡಾಕ್ಟ್ರ ಹತ್ರವೇ ಕೇಳಿ. ಆದ್ರೆ ಅಮ್ಮನ ಪ್ರಶ್ನೆ ಉಂಟಲ್ಲ, ಅದು ದೊಡ್ಡ ದೊಡ್ಡ ಲ್ಯಾಬಿನವರು ಹತ್ತಾರು ವರ್ಷ ಕೂತು ಕೇಳಿದ ಪ್ರಶ್ನೆಯೇ. ಅಮ್ಮನಿಗೆ ನನ್ನ ನಮಸ್ಕಾರ ಹೇಳಿ.

ಬ್ರಹ್ಮಾವರದವರು ಅಂದ್ರಿ, ಅಮ್ಮನಿಗೆ ಅಕ್ಕಿಮುಡಿ, ಅದೇ ಬೈಹುಲ್ಲಲ್ಲಿ ಸುತ್ತಿ ಕಟ್ಟಿಟ್ಟ ಅಕ್ಕಿ, ಗೊತ್ತಿರ್ತದೆ. ಮುಟ್ಟು ನಿಲ್ಲುವ ತನಕ ಅಂಡಾಶಯ ಅಂದ್ರೆ ಬೇಸಾಯ ನಡೆಯುವ ಗದ್ದೆ, ಬೇಕಾದ ಈಸ್ಟ್ರೋಜನ್ ಅಲ್ಲಿಂದ ಬರ್ತದೆ. ಮುಟ್ಟು ನಿಂತ ಮೇಲೆ ಆ ಗದ್ದೆ ಹಡಿಲು. ಹಡಿಲು ಬಿದ್ದ ಕೂಡ್ಲೇ ಮನೆಯಲ್ಲಿ ಊಟ ನಿಲ್ತದಾ? ಇಲ್ಲ, ಅಟ್ಟದಲ್ಲಿ ಮುಡಿ ಉಂಟು, ಮತ್ತೆ ಬೇರೆ ಕಡೆಯಿಂದ ಭತ್ತವೂ ಬರ್ತದೆ. ದೇಹದಲ್ಲೂ ಎರಡೂ ಉಂಟು.

ಭತ್ತ ಅಂದ್ರೆ ಎಂತದು? ಕಿಡ್ನಿಯ ಮೇಲೆ ಕೂತಿರುವ ಅಡ್ರಿನಲ್ ಗ್ರಂಥಿ ಮುಟ್ಟು ನಿಂತ ಮೇಲೂ ಆಂಡ್ರೋಸ್ಟೀನ್‌ಡಯೋನ್ ಅಂತ ಒಂದು ಗಂಡು ಜಾತಿಯ ಹಾರ್ಮೋನ್ ಬಿಡ್ತಾ ಇರ್ತದೆ. ಅದನ್ನು ಅರೋಮಟೇಸ್ ಎನ್ನುವ ಎಂಜೈಮ್ ಎಸ್ಟ್ರೋನ್ ಅಂತ ಸ್ವಲ್ಪ ದುರ್ಬಲ ಈಸ್ಟ್ರೋಜನ್ ಮಾಡ್ತದೆ, ಭತ್ತ ಮಿಲ್ಲಿಗೆ ಹಾಕಿ ಅಕ್ಕಿ ತೆಗೆದ ಹಾಗೆ. ಈ ಮಿಲ್ಲು ಮುಖ್ಯವಾಗಿ ಇರುವುದು ಮೈಯ ಕೊಬ್ಬಿನಲ್ಲಿ. ಕೊಬ್ಬು ಜಾಸ್ತಿ ಇದ್ದವರಿಗೆ ಮುಟ್ಟು ನಿಂತ ಮೇಲೂ ಈಸ್ಟ್ರೋಜನ್ ಜಾಸ್ತಿ ಯಾಕೆ ಅಂದ್ರೆ ಇದೇ ಕಾರಣ.

ಇನ್ನು ಮುಡಿ. ತಯಾರಾದ ಎಸ್ಟ್ರೋನ್ ಎಲ್ಲ ಹಾಗೇ ತಿರುಗುವುದಿಲ್ಲ, ಅದ್ರ ಬಹುಪಾಲಿಗೆ ದೇಹ ಒಂದು ಸಲ್ಫೇಟ್ ತುಂಡು ಕಟ್ಟಿ ಇಡ್ತದೆ. ಎಸ್ಟ್ರೋನ್ ಸಲ್ಫೇಟ್ ಅಂತ ಹೆಸರು. ಬೈಹುಲ್ಲಿನ ಹಗ್ಗ ಬಿಗಿದ ಮುಡಿಯೇ ಅದು, ಹಾಗೇ ಉಣ್ಲಿಕ್ಕೆ ಬರುವುದಿಲ್ಲ, ಕೋಶದಲ್ಲಿ ಹಾರ್ಮೋನ್ ಕೂರುವ ಜಾಗ, ಅಂದ್ರೆ ರಿಸೆಪ್ಟರಿಗೆ ಹೋಗಿ ಕೂರುವುದಿಲ್ಲ, ಆದ್ರೆ ಕೆಡುವುದೂ ಇಲ್ಲ ಬೇಗ. ಬಿಡಿ ಎಸ್ಟ್ರಾಡಯೋಲ್ ರಕ್ತದಲ್ಲಿ ಅರ್ಧ ಗಂಟೆಯ ಒಳಗೆ ಅರ್ಧಕ್ಕೆ ಇಳೀತದೆ, ಎಸ್ಟ್ರೋನ್ ಸಲ್ಫೇಟ್ ಅರ್ಧಕ್ಕೆ ಇಳೀಲಿಕ್ಕೆ ಸುಮಾರು 10ರಿಂದ 12 ಗಂಟೆ ಬೇಕು. ಹಾಗಾಗಿ ಮುಟ್ಟು ನಿಂತವರ ರಕ್ತದಲ್ಲಿ ಅತಿ ಹೆಚ್ಚು ಇರುವ ಈಸ್ಟ್ರೋಜನ್ ಜಾತಿಯೇ ಈ ಮುಡಿ. ನಿಮ್ಮ ಬ್ಲಡ್ ಟೆಸ್ಟಲ್ಲಿ ನೋಡಿದ್ದು ಬಡಿಸಿಟ್ಟ ಅನ್ನ ಎಷ್ಟುಂಟು ಅಂತ ಮಾತ್ರ. ಅಟ್ಟದಲ್ಲಿ ಎಷ್ಟು ಮುಡಿ ಉಂಟು ಅಂತ ಆ ಟೆಸ್ಟ್ ಲೆಕ್ಕ ಹಾಕುವುದೇ ಇಲ್ಲ.

ಬ್ರಹ್ಮಾವರದ ಮಗಳು:
ಮಾಷ್ಟ್ರೆ ಇದನ್ನು ಅಮ್ಮನಿಗೆ ಓದಿ ಹೇಳಿದೆ. ನಮ್ಮ ಅಜ್ಜ ಮುಡಿ ಕಟ್ಟುವುದರಲ್ಲಿ ಎತ್ತಿದ ಕೈ, ಮರದ ಕೊಡತಿಯಲ್ಲಿ ತಟ್ಟಿ ತಟ್ಟಿ ಗುಂಡಗೆ ಮಾಡಿದ್ರೆ ಉರುಳಿಸಿದ್ರೂ ಒಂದು ಕಾಳು ಬೀಳ್ತಿರ್ಲಿಲ್ಲ ಅಂತ ಅರ್ಧ ಗಂಟೆ ಅದೇ ಮಾತಾಡಿದ್ರು. ಆಪರೇಷನ್ ಆದ ಮೇಲೆ ಅಮ್ಮ ಇಷ್ಟು ಮಾತಾಡಿದ್ದು ಇವತ್ತೇ. ಕೊನೆಗೆ ಕೇಳಿದ್ರು, ಹಾಗಾದ್ರೆ ಆ ಗಡ್ಡೆಗೆ ಮುಡಿ ಬಿಚ್ಲಿಕ್ಕೆ ಬರ್ತದಾ ಅಂತ.

ಮಣಿಪಾಲದ ಮಾಷ್ಟ್ರು:
ಬರ್ತದೆ! ವಿಷಯ ಇರುವುದೇ ಅಲ್ಲಿ.

ಜೀವಕೋಶದ ಹೊರಗಿನ ಪೊರೆಯಲ್ಲಿ ಈ ಸಲ್ಫೇಟ್ ಮುಡಿಯನ್ನು ಒಳಗೆ ತಗೊಳ್ಳುವ ಬಾಗಿಲುಗಳು ಉಂಟು. ಒಳಗೆ ಬಂದ ಮೇಲೆ ಸಲ್ಫಟೇಸ್ ಅಂತ ಎಂಜೈಮ್ ಹಗ್ಗ ಬಿಚ್ತದೆ, ಎಸ್ಟ್ರೋನ್ ಹೊರಗೆ ಬೀಳ್ತದೆ. ಅದನ್ನು 17-ಬೀಟಾ-ಎಚ್‌ಎಸ್‌ಡಿ ಕುಟುಂಬದ ಎಂಜೈಮುಗಳು, ಮುಖ್ಯವಾಗಿ ಅದರ 1ನೇ ನಮೂನೆ, ಎಸ್ಟ್ರಾಡಯೋಲ್ ಮಾಡ್ತವೆ, ಅಂದ್ರೆ ಅಕ್ಕಿ ಬೇಯಿಸಿ ಅನ್ನ ಮಾಡಿದ ಹಾಗೆ, ಇದೇ ಬಲವಾದ ಈಸ್ಟ್ರೋಜನ್. ಅದು ಹೋಗಿ ರಿಸೆಪ್ಟರಲ್ಲಿ ಕೂತ್ರೆ ಕೋಶಕ್ಕೆ ಬೆಳಿ ಅಂತ ಆರ್ಡರ್ ಹೋಗ್ತದೆ. ತಿರುಗಿಸುವವರೂ ಇದ್ದಾರೆ, ಅದೇ ಕುಟುಂಬದ 2ನೇ ನಮೂನೆ ಎಸ್ಟ್ರಾಡಯೋಲನ್ನು ವಾಪಸ್ ದುರ್ಬಲ ಎಸ್ಟ್ರೋನ್ ಮಾಡ್ತದೆ, ಸಲ್ಫೋಟ್ರಾನ್ಸ್‌ಫರೇಸ್ ಅಂತ ಇನ್ನೊಂದು ಎಂಜೈಮ್ ಪುನಃ ಹಗ್ಗ ಕಟ್ತದೆ. ಒಳ್ಳೆ ಗರ್ಭಕೋಶದಲ್ಲಿ ಬಿಚ್ಚುವವರು ಕಟ್ಟುವವರು ಸರಿಸಮ ಇರ್ತಾರೆ. ಗಡ್ಡೆಯಲ್ಲಿ ಬಿಚ್ಚುವ ಕೈ ಮೇಲಾಗಿ ಕಟ್ಟುವ ಕೈ ಸೋತದ್ದು ಕೆಲವು ಅಧ್ಯಯನಗಳಲ್ಲಿ ಕಂಡಿದೆ. ಗಡ್ಡೆಯ ಅಂಗಾಂಶ ತೆಗೆದು ಅಳೆದಾಗ ರಕ್ತದಲ್ಲಿ ಇದ್ದದ್ದಕ್ಕಿಂತ ಹೆಚ್ಚು ಎಸ್ಟ್ರಾಡಯೋಲ್ ಸಿಕ್ಕಿದ್ದೂ ಉಂಟು. ಹಾಗಾಗಿ ಅಮ್ಮನ ಪ್ರಶ್ನೆಗೆ ನೇರ ಉತ್ತರ, ಅದು ತಿಂದದ್ದು ಹೊರಗಿನ ಊಟ ಅಲ್ಲ, ಅದೇ ಒಲೆ ಹೂಡಿ ಬೇಯಿಸಿಕೊಂಡದ್ದು.

ಒಂದು ಅಂಗಾಂಶ ತನಗೆ ಬೇಕಾದ ಹಾರ್ಮೋನ್ ತಾನೇ ಮಾಡಿ ಅಲ್ಲೇ ಬಳಸಿ ಅಲ್ಲೇ ಮುಗಿಸುವ ಈ ಪದ್ಧತಿಗೆ ಕೆನಡಾದ ಫೆರ್ನಾಂಡ್ ಲಾಬ್ರಿ ಎನ್ನುವ ವಿಜ್ಞಾನಿ 1988ರಲ್ಲಿ ಇಂಟ್ರಾಕ್ರೈನಾಲಜಿ ಅಂತ ಹೆಸರಿಟ್ರು. ಅದಕ್ಕಿಂತ ಮುಂಚೆ ಹಾರ್ಮೋನ್ ಅಂದ್ರೆ ಒಂದು ಗ್ರಂಥಿಯಿಂದ ಹೊರಟು ರಕ್ತದಲ್ಲಿ ಹೋಗಿ ದೂರದಲ್ಲಿ ಕೆಲಸ ಮಾಡುವಂಥದ್ದು ಅಂತಲೇ ನಾವು ಕಲ್ತದ್ದು, ಕಲಿಸಿದ್ದೂ ಹಾಗೆಯೇ.

ಸ್ಲೈಡ್ ನೋಡುವವಳು:
ನಾನು ಮಂಗಳೂರಲ್ಲಿ ಹಿಸ್ಟೋಪೆಥಾಲಜಿ ಲ್ಯಾಬಲ್ಲಿ ಟೆಕ್ನಿಷಿಯನ್. ಅಕ್ಕ, ನಿಮ್ಮ ಅಮ್ಮನ ರಿಪೋರ್ಟಲ್ಲಿ ರಿಸೆಪ್ಟರ್ ಪಾಸಿಟಿವ್ ಅಂತ ಬರೀಲಿಕ್ಕೆ ಮುಂಚೆ ಎಂತ ನಡೀತದೆ ಅಂತ ಹೇಳ್ತೇನೆ. ಮೇಣದಲ್ಲಿ ಇಟ್ಟ ಗಡ್ಡೆಯ ತುಂಡನ್ನು ಕೂದಲಿಗಿಂತ ತೆಳ್ಳಗೆ ಸೀಳಿ ಬೆಚ್ಚಗಿನ ನೀರಿನ ಮೇಲೆ ತೇಲಿ ಬಿಡ್ತೇವೆ, ಅದು ಹಾಲಿನ ಕೆನೆ ಹಾಗೆ ಹರಡ್ತದೆ, ಗಾಜಿನ ಸ್ಲೈಡಲ್ಲಿ ಮೆಲ್ಲ ಎತ್ತಿಕೊಳ್ಳುವುದು. ಆಮೇಲೆ ರಿಸೆಪ್ಟರನ್ನು ಹುಡುಕಿ ಅಂಟುವ ಆಂಟಿಬಾಡಿ ಹಾಕಿ ಬಣ್ಣ ಕೊಡ್ತೇವೆ. ಪಾಸಿಟಿವ್ ಇದ್ರೆ ಕೋಶದ ನಡುವಿನ ನ್ಯೂಕ್ಲಿಯಸ್ ಎಲ್ಲ ಕಾಫಿಪುಡಿ ಬಣ್ಣ, ನೆಗೆಟಿವ್ ಇದ್ರೆ ಬರೀ ತಿಳಿ ನೀಲಿ. ಗ್ರೇಡ್ 1ರಲ್ಲಿ ಹೆಚ್ಚಾಗಿ ಪೂರ್ತಿ ಕಾಫಿಪುಡಿ ಚೆಲ್ಲಿದ ಹಾಗೆಯೇ ಇರ್ತದೆ, ಗ್ರಂಥಿಗಳ ಆಕಾರವೂ ಇನ್ನೂ ಹಾಳಾಗಿರುವುದಿಲ್ಲ.

ಎಲ್ಲ ಗರ್ಭಕೋಶದ ಕ್ಯಾನ್ಸರ್ ಈ ಥರ ಅಲ್ಲ ಅಂತ ಓದುವ ಬೇರೆಯವರಿಗೂ ಗೊತ್ತಿರ್ಲಿ. 1983ರಲ್ಲಿ ಬೊಖ್‌ಮನ್ ಅನ್ನುವವರು ಎರಡು ನಮೂನೆ ಮಾಡಿದ್ರು, ಈಸ್ಟ್ರೋಜನ್ ಮೇಲೆ ನಡೆಯುವುದು ಒಂದು, ಅದರ ಹಂಗಿಲ್ಲದ್ದು ಇನ್ನೊಂದು. ಎರಡನೇದ್ರಲ್ಲಿ ಸೀರಸ್ ಥರದ್ದು ಬರ್ತದೆ, ಅದು ತೆಳ್ಳಗಿನವರಿಗೂ ಬರ್ತದೆ, ಜೋರು. ಈಗ 2013ರಿಂದ ಜೀನ್ ನೋಡಿ ನಾಲ್ಕು ಗುಂಪು ಮಾಡ್ತಾರೆ. ಅಕ್ಕ, ರಿಪೋರ್ಟಲ್ಲಿ ಪಿ53 (ಕೋಶ ಅಡ್ಡಾದಿಡ್ಡಿ ಬೆಳೆಯದ ಹಾಗೆ ಕಾಯುವ ಪ್ರೋಟೀನ್) ಮತ್ತೆ ಎಂಎಂಆರ್ (ಡಿಎನ್‌ಎ ತಪ್ಪು ತಿದ್ದುವ ಪ್ರೋಟೀನುಗಳು) ಅಂತ ಎರಡು ಸಾಲು ಉಂಟಾ ನೋಡಿ. ಎಂಎಂಆರ್ ಪ್ರೋಟೀನ್ ಕಾಣೆಯಾಗಿದ್ರೆ ವಂಶದಲ್ಲಿ ಬಂದು ಕರುಳು, ಗರ್ಭಕೋಶದ ಕ್ಯಾನ್ಸರ್ ರಿಸ್ಕ್ ಹೆಚ್ಚು ಮಾಡುವ ಲಿಂಚ್ ಸಿಂಡ್ರೋಮ್ ಇರಬಹುದು, ಆಗ ಮನೆಯ ಬೇರೆಯವರೂ ಟೆಸ್ಟ್ ಮಾಡಿಸ್ಬೇಕಾಗ್ತದೆ, ಕರುಳಿನದ್ದೂ ಸೇರಿ.

ಬ್ರಹ್ಮಾವರದ ಮಗಳು:
ಪಿ53 ನಾರ್ಮಲ್ ಅಂತ ಉಂಟು. ಎಂಎಂಆರ್ ಸಾಲು ಇಲ್ಲ. ದೊಡ್ಡಮ್ಮನಿಗೆ 48ರಲ್ಲಿ ಕರುಳಿನ ಕ್ಯಾನ್ಸರ್ ಆಗಿತ್ತು, ಇದನ್ನು ಡಾಕ್ಟ್ರಿಗೆ ಹೇಳ್ಬೇಕು ಅಂತ ನಮಗೆ ಹೊಳೀಲೇ ಇಲ್ಲ. ನಾಳೆಯೇ ಕೇಳ್ತೇನೆ.

ಉಳ್ಳಾಲ್ದವ:
ಬೇಜಾರು ಮಾಡ್ಬೇಡಿ, ಇದೆಲ್ಲ ಬ್ರಾಯ್ಲರ್ ಕೋಳಿಯಿಂದ ಅಂತ ನಮ್ಮ ಕಡೆ ಎಲ್ರೂ ಹೇಳ್ತಾರೆ, ಕೋಳಿಗೆ ಹಾರ್ಮೋನ್ ಇಂಜೆಕ್ಷನ್ ಕೊಟ್ಟು ಬೆಳೆಸುವುದಲ್ವಾ. ನಮ್ಮ ತಾಯಿಯೂ ಹಾಗಾಗಿ ಕೋಳಿ ಬಿಟ್ಟಿದ್ದಾರೆ.

ಮಣಿಪಾಲದ ಮಾಷ್ಟ್ರು:
ಬೇಜಾರು ಎಂತಕ್ಕೆ, ಕೇಳಿದ್ದು ಒಳ್ಳೆದಾಯ್ತು. ಬ್ರಾಯ್ಲರ್ ಬೇಗ ಬೆಳೆಯುವುದು ತಳಿಯಿಂದ ಮತ್ತೆ ಫೀಡ್‌ನಿಂದ. ಸಾವಿರಾರು ಕೋಳಿಗೆ ಒಂದೊಂದನ್ನೇ ಹಿಡಿದು ಇಂಜೆಕ್ಷನ್ ಚುಚ್ಚಿದ್ರೆ ಸಾಕುವವನಿಗೆ ಎಂತ ಉಳೀತದೆ ಹೇಳಿ. ತಾಯಿಯವರಿಗೆ ಕೋರಿರೊಟ್ಟಿ ಇಷ್ಟ ಇದ್ರೆ ಧಾರಾಳ ತಿನ್ನಲಿ. ಸೋಯಾ ಬಗ್ಗೆಯೂ ಹೀಗೇ ಕೇಳ್ತಾರೆ, ಊಟದ ಪ್ರಮಾಣದಲ್ಲಿ ಅದರಿಂದ ಗರ್ಭಕೋಶದ ಕ್ಯಾನ್ಸರ್ ಜಾಸ್ತಿ ಆದದ್ದು ಕಂಡಿಲ್ಲ.

ಈಸ್ಟ್ರೋಜನನ್ನು ಹೊರಗಿಂದ ನುಂಗಿ ನಿಜವಾಗಿ ತೊಂದರೆ ಆದ ಕಥೆ ಬೇರೆ ಉಂಟು. ಅಮೆರಿಕದಲ್ಲಿ ಮುಟ್ಟು ನಿಂತವರಿಗೆ ಬಿಸಿ ಏರುವುದಕ್ಕೆ ಬರೀ ಈಸ್ಟ್ರೋಜನ್ ಮಾತ್ರೆ ವರ್ಷಗಟ್ಟಲೆ ಕೊಡ್ತಿದ್ರು. 1975ರ ಡಿಸೆಂಬರಲ್ಲಿ ಒಟ್ಟಿಗೆ ಎರಡು ಅಧ್ಯಯನ ಬಂತು, ಒಂದರಲ್ಲಿ ಗರ್ಭಕೋಶದ ಕ್ಯಾನ್ಸರ್ ರಿಸ್ಕ್ ನಾಲ್ಕೂವರೆ ಪಟ್ಟು, ಇನ್ನೊಂದರಲ್ಲಿ ಏಳೂವರೆ ಪಟ್ಟು. ಆಮೇಲೆ ಗರ್ಭಕೋಶ ಇರುವವರಿಗೆ ಈಸ್ಟ್ರೋಜನ್ ಜೊತೆ ಪ್ರೊಜೆಸ್ಟಿನ್, ಅಂದ್ರೆ ಪ್ರೊಜೆಸ್ಟರಾನ್ ಹಾರ್ಮೋನ್ ಥರದ ಔಷಧಿ, ಸೇರಿಸಿ ಕೊಡುವ ಕ್ರಮ ಬಂತು. ಯಾಕೆ ಅಂದ್ರೆ ಪ್ರೊಜೆಸ್ಟರಾನ್ ಆ 2ನೇ ನಮೂನೆಯ ಎಂಜೈಮನ್ನೂ ಹಗ್ಗ ಕಟ್ಟುವ ಎಂಜೈಮನ್ನೂ ಎಬ್ಬಿಸಿ ಕೆಲಸಕ್ಕೆ ಹಚ್ತದೆ, ಅನ್ನವನ್ನು ವಾಪಸ್ ಮುಡಿ ಮಾಡ್ತದೆ ಅಂದ್ಕೊಳ್ಳಿ. ಮುಟ್ಟಾಗುವ ವಯಸ್ಸಲ್ಲಿ ಪ್ರತಿ ತಿಂಗಳು ಮುಟ್ಟಿನ ಮುಂಚಿನ ಎರಡು ವಾರ ಹೆಣ್ಣಿನ ಗರ್ಭಕೋಶದಲ್ಲಿ ಇದು ತನ್ನಿಂತಾನೇ ನಡೀತದೆ. ಮುಟ್ಟು ನಿಂತ ಮೇಲೆ ಈಸ್ಟ್ರೋಜನ್ ಸ್ವಲ್ಪ ಆದ್ರೂ ಉಳೀತದೆ, ಪ್ರೊಜೆಸ್ಟರಾನ್ ಮಾತ್ರ ಹೆಚ್ಚುಕಡಿಮೆ ಪೂರ್ತಿ ಹೋಗ್ತದೆ. ಬೇಲಿ ಇಲ್ಲದ ಗದ್ದೆ ಆಯ್ತಲ್ಲ.

ಪಿಸಿಒಡಿ ಇರುವ ಹುಡುಗಿಯರಿಗೂ ಇದೇ ತೊಂದರೆ, ಅಂಡ ಬಿಡುಗಡೆ ಆಗದಿದ್ರೆ ಪ್ರೊಜೆಸ್ಟರಾನ್ ಇಲ್ಲ, ತಿಂಗಳುಗಟ್ಟಲೆ ಮುಟ್ಟು ಬಾರದೆ ಇದ್ರೆ ಆರಾಮ ಆಯ್ತು ಅಂತ ಬಿಡುವುದಲ್ಲ.

ಸುರತ್ಕಲ್ ಅಕ್ಕ:
ನನಗೆ ಸ್ತನ ಕ್ಯಾನ್ಸರ್ ಆಗಿ ಟಾಮೊಕ್ಸಿಫೆನ್ ನಡೀತಾ ಇತ್ತು, ನಾಲ್ಕನೇ ವರ್ಷ ಈಗ ಲೆಟ್ರೊಜೋಲ್‌ಗೆ ಬದಲಿಸಿದ್ರು, ಗರ್ಭಕೋಶದ ಪದರ ದಪ್ಪ ಆಗ್ತಾ ಉಂಟು ಅಂತ. ಈಸ್ಟ್ರೋಜನ್ ತಡೆಯುವ ಮಾತ್ರೆಯೇ ಗರ್ಭಕೋಶಕ್ಕೆ ತೊಂದರೆ ಮಾಡುವುದು ಹೇಗೆ ಅಂತ ಅವತ್ತಿಂದ ತಲೆ ಕೊರೀತಾ ಉಂಟು. ಮತ್ತೆ ಲೆಟ್ರೊಜೋಲ್ ಈ ಅರೋಮಟೇಸ್ ಮಿಲ್ಲನ್ನೇ ಬಂದ್ ಮಾಡುವುದಲ್ವಾ, ಹಾಗಾದ್ರೆ ಈ ತಂಗಿಯ ಅಮ್ಮನಂಥವರಿಗೆ ಅದನ್ನೇ ಕೊಟ್ರೆ ಆಗುದಿಲ್ವಾ?

ಮಣಿಪಾಲದ ಮಾಷ್ಟ್ರು:
ಅಕ್ಕ, ಟಾಮೊಕ್ಸಿಫೆನ್ ಸ್ತನದಲ್ಲಿ ರಿಸೆಪ್ಟರ್ ಮೇಲೆ ಕೂತು ದಾರಿ ಮುಚ್ತದೆ, ಗರ್ಭಕೋಶದಲ್ಲಿ ಅದೇ ರಿಸೆಪ್ಟರ್ ಮೇಲೆ ಕೂತು ಈಸ್ಟ್ರೋಜನ್ ಹಾಗೆ ಸ್ವಲ್ಪ ಕೆಲಸ ಮಾಡ್ತದೆ. ಹಾಗಾಗಿಯೇ ಅದನ್ನು ತಗೊಳ್ಳುವವರಿಗೆ ಬ್ಲೀಡಿಂಗ್ ಆದ್ರೆ ತಕ್ಷಣ ಹೇಳಿ ಅನ್ನುವುದು. ಲೆಟ್ರೊಜೋಲ್‌ನಿಂದ ಗರ್ಭಕೋಶಕ್ಕೆ ಆ ಭಯ ಇಲ್ಲ.

ಎರಡನೇ ಪ್ರಶ್ನೆ ನನಗೆ ತುಂಬ ಬೇಕಾದ ಪ್ರಶ್ನೆ. ಆಪರೇಷನ್ನಲ್ಲೇ ಪೂರ್ತಿ ಹೋದ ಒಂದನೇ ಹಂತದವರಿಗೆ ಅದೆಲ್ಲ ಬೇಕಾಗುವುದಿಲ್ಲ. ಹರಡಿದವರಿಗೆ, ಮರಳಿ ಬಂದವರಿಗೆ ಕೊಟ್ಟು ನೋಡಿದ್ದಾರೆ. ಸ್ತನದಲ್ಲಿ ಅಷ್ಟು ಚಂದ ಕೆಲಸ ಮಾಡಿದ ಔಷಧಿ ಗರ್ಭಕೋಶದ ಗಡ್ಡೆಯಲ್ಲಿ ಒಂದೇ ಕೊಟ್ಟಾಗ ಹತ್ತರಲ್ಲಿ ಒಬ್ಬರಿಗೆ ಅಂದಾಜು ಗಡ್ಡೆ ಕುಗ್ಗಿಸ್ತದೆ, ಅಷ್ಟೆ. ಮಿಲ್ಲು ಬಂದ್ ಮಾಡಿದ್ರೂ ಹಗ್ಗ ಬಿಚ್ಚುವ ಸಲ್ಫಟೇಸ್ ದಾರಿ ತೆರೆದೇ ಉಂಟು, ಅದು ಒಂದು ಕಾರಣ ಇರಬಹುದು ಅಂತ ಆಲೋಚನೆ ಬಂತು. ಗಡ್ಡೆಯಲ್ಲೇ ಅರೋಮಟೇಸ್ ಎಷ್ಟುಂಟು ಎನ್ನುವುದರಲ್ಲೂ ಲ್ಯಾಬಿಂದ ಲ್ಯಾಬಿಗೆ ಫಲಿತಾಂಶ ಬೇರೆ ಬೇರೆ, ಕೆಲವರಿಗೆ ಗಡ್ಡೆಯ ಸುತ್ತಲಿನ ಆಧಾರದ ಕೋಶಗಳಲ್ಲಿ ಸಿಕ್ಕಿತು, ಕೆಲವರಿಗೆ ಸಿಕ್ಕಿದ್ದೇ ತೀರ ಕಡಿಮೆ. ಹಾಗಾಗಿ ಮುಡಿಯ ದಾರಿಯೇ ದೊಡ್ಡದು ಅಂತ ವಾದ ಮಾಡುವವರು ಇದ್ದಾರೆ, ನನಗೂ ಅದೇ ಸರಿ ಕಾಣ್ತದೆ.

ಹಾಗಾದ್ರೆ ಹಗ್ಗ ಬಿಚ್ಚುವವನನ್ನೇ ಹಿಡಿಯುವ ಅಂತ ಇರೊಸುಸ್ಟಾಟ್ ಎನ್ನುವ ಸಲ್ಫಟೇಸ್ ತಡೆಯುವ ಔಷಧಿ ತಂದ್ರು. ಗರ್ಭಕೋಶದ ಕ್ಯಾನ್ಸರ್ ಮುಂದುವರಿದ ಹೆಂಗಸರಲ್ಲಿ ಮೆಜೆಸ್ಟ್ರಾಲ್ ಎನ್ನುವ ಹಳೆಯ ಪ್ರೊಜೆಸ್ಟಿನ್ ಮಾತ್ರೆಯ ಎದುರು ಹೋಲಿಸಿ ನೋಡಿದ್ರು, ಅದಕ್ಕಿಂತ ಮೇಲೆ ನಿಲ್ಲಲಿಲ್ಲ. ನನಗೆ ಅದನ್ನು ಓದಿದ ದಿನ ತುಂಬ ಬೇಸರ ಆಗಿತ್ತು. ಒಂದು ದಾರಿ ಮುಚ್ಚಿದ್ರೆ ಇನ್ನೊಂದು ದಾರಿ, ಎರಡೂ ಮುಚ್ಚಿದ್ರೆ ಒಳಗಿನ ಜೀನುಗಳೇ ಕೆಟ್ಟು ಬೆಳಿ ಬೆಳಿ ಅಂತ ಕೂಗ್ತಾ ಇರ್ತವೆ, ಪಿಟೆನ್ ಎನ್ನುವ ಬ್ರೇಕಿನ ಜೀನು ಈ ಎಂಡೋಮೆಟ್ರಿಯಾಯ್ಡ್ ಗಡ್ಡೆಗಳಲ್ಲಿ ಅರ್ಧಕ್ಕಿಂತ ಹೆಚ್ಚಿನದ್ರಲ್ಲಿ ಹಾಳಾಗಿರ್ತದೆ. ಅದಕ್ಕಾಗಿ ಲೆಟ್ರೊಜೋಲ್ ಜೊತೆ ಆ ಕೂಗು ತಗ್ಗಿಸುವ ಎವೆರೊಲಿಮಸ್ ಸೇರಿಸಿ ಕೊಡುವುದು ಬಂತು, ಎದುರುಬದುರು ಹೋಲಿಸಿದ್ದಲ್ಲ, ಆದ್ರೆ ಬೇರೆ ಅಧ್ಯಯನಗಳಲ್ಲಿ ಒಂಟಿ ಲೆಟ್ರೊಜೋಲ್‌ಗೆ ಸಿಕ್ಕಿದ್ದಕ್ಕಿಂತ ಒಳ್ಳೆ ಫಲ ಕಂಡಿದೆ. ಮಕ್ಕಳು ಬೇಕು ಅನ್ನುವ ಚಿಕ್ಕ ವಯಸ್ಸಿನವರಿಗೆ, ಗಡ್ಡೆ ತೀರ ಆರಂಭದಲ್ಲಿದ್ರೆ, ಪ್ರೊಜೆಸ್ಟಿನ್ ಮಾತ್ರೆ ಅಥವಾ ಗರ್ಭಕೋಶದ ಒಳಗೆ ಕೂತು ಪ್ರೊಜೆಸ್ಟಿನ್ ಬಿಡುವ ಮಿರೆನಾ ಹಾಕಿ ಪದೇಪದೇ ಬಯಾಪ್ಸಿ ಮಾಡ್ತಾ ಕಾಯುವುದೂ ಉಂಟು.

ಬ್ರಹ್ಮಾವರದ ಮಗಳು:
ಒಂದು ವಿಷಯ ಹೇಳ್ಬೇಕು. ನಿನ್ನೆ ನೋಡ್ಲಿಕ್ಕೆ ಬಂದ ಸಂಬಂಧಿಕರೊಬ್ರು ಅಮ್ಮನ ಎದುರೇ ಹೇಳಿದ್ರು, ಮೈ ಬೆಳೆಸಿಕೊಂಡದ್ದಕ್ಕೇ ಬಂದದ್ದು ಅಂತ. ಅಮ್ಮ 84 ಕೆ.ಜಿ., ಶುಗರ್ 12 ವರ್ಷದಿಂದ ಉಂಟು. ರಾತ್ರಿ ಊಟ ಬೇಡ ಅಂದ್ರು. ಕೊಬ್ಬಿನ ವಿಷಯ ಮಾಷ್ಟ್ರು ಹೇಳಿದ್ದೂ ಅದೇ ಅಲ್ವಾ ಅಂತ ಕೇಳಿದ್ರೆ ಎಂತ ಹೇಳುವುದು ನಾನು.

ಸುರತ್ಕಲ್ ಅಕ್ಕ:
ತಂಗಿ ಅಮ್ಮನಿಗೆ ಫೋನ್ ಕೊಡು, ನಾನು ಮಾತಾಡ್ತೇನೆ, ನಂಬರ್ ಪರ್ಸನಲ್ ಮೆಸೇಜಲ್ಲಿ ಕಳಿಸು. ಮೂರು ಹೆತ್ತು, ಅತ್ತೆ ಮಾವನ ಮಂಚ ಕಾದು, ಎಲ್ರದ್ದೂ ಊಟ ಆದ ಮೇಲೆ ಉಳಿದ ಗಂಜಿ ಹಾಳಾಗ್ತದೆ ಅಂತ ಉಂಡು ಬೆಳೆದ ಮೈ ಅದು ನಮ್ಮದೆಲ್ಲ. ಯಾರೂ ಅದಕ್ಕೆ ಲೆಕ್ಕ ಕೇಳ್ಲಿಕ್ಕೆ ಬರ್ಬಾರ್ದು.

ಮಣಿಪಾಲದ ಮಾಷ್ಟ್ರು:
ತೂಕ ರಿಸ್ಕ್ ಹೆಚ್ಚು ಮಾಡ್ತದೆ ಎನ್ನುವುದು ಸತ್ಯ, ಬಿಎಂಐ ಐದು ಹೆಚ್ಚಾದ್ರೆ ರಿಸ್ಕ್ ಸುಮಾರು ಒಂದೂವರೆ ಪಟ್ಟು, ಶುಗರ್ ಇದ್ರೂ ಹೆಚ್ಚು, ಅದನ್ನು ಮುಚ್ಚಿಡುವುದಿಲ್ಲ. ಆದ್ರೆ ದಪ್ಪ ಇರುವ ಹೆಚ್ಚಿನ ಹೆಂಗಸರಿಗೆ ಈ ಕ್ಯಾನ್ಸರ್ ಬರುವುದೇ ಇಲ್ಲ, ತೆಳ್ಳಗಿನವರಿಗೆ ಬಂದದ್ದೂ ಉಂಟು. ಜೀನು ಕೆಡ್ಬೇಕು, ಬೇಲಿ ಹೋಗ್ಬೇಕು, ಒಲೆ ಹೊತ್ತಬೇಕು, ಎಲ್ಲ ಒಟ್ಟಿಗೆ ಕೂಡಿದ್ರೆ ಮಾತ್ರ. ಇನ್ನು ಮುಂದೆ ನಡಿಗೆ, ಶುಗರ್ ಕಂಟ್ರೋಲ್ ಎಲ್ಲ ಅಮ್ಮನ ಹೃದಯಕ್ಕಾಗಿ ಬೇಕು, ಅದು ಶಿಕ್ಷೆ ಅಂತ ಮಾಡುವುದಲ್ಲ. ಒಂದನೇ ಹಂತದಲ್ಲಿ ಸಿಕ್ಕಿದವರಲ್ಲಿ ಹತ್ತಕ್ಕೆ ಒಂಬತ್ತು ಜನಕ್ಕಿಂತ ಹೆಚ್ಚು ಐದು ವರ್ಷ ದಾಟ್ತಾರೆ ಅಂತ ಹೇಳಿ ಅಮ್ಮನಿಗೆ. ಅಷ್ಟು ಬೇಗ ಸಿಕ್ಕಿದ್ದು ನೀವು ಬಾವಿಕಟ್ಟೆಗೆ ಎದ್ದು ಹೋದದ್ದಕ್ಕೆ.

ಕಾರ್ಕಳದ ಬಾಬು:
ನಾನು ಎರಡು ದಿನದಿಂದ ಸುಮ್ಮನೆ ಓದ್ತಾ ಇದ್ದೆ. ಚಿಕ್ಕಮ್ಮನಿಗೆ 58, ನಿಂತು ಆರು ವರ್ಷ ಆಗಿತ್ತು, ಈಗ ಪುನಃ ಕಾಣಿಸ್ತಾ ಉಂಟು ಅಂತ ನನ್ನ ಹೆಂಡತಿಯ ಹತ್ರ ಹೇಳಿದ್ದಾರೆ, ಎರಡೇ ಹನಿ ಹೋಗುವುದು, ಅದಕ್ಕೆಂತಕ್ಕೆ ಆಸ್ಪತ್ರೆ ಅಂತಾರೆ. ಮೈಯೂ ದಪ್ಪ ಇಲ್ಲ. ಅಷ್ಟಕ್ಕೇ ಕರ್ಕೊಂಡು ಹೋಗ್ಬೇಕಾ? ದುಡ್ಡಿಗೂ ಸ್ವಲ್ಪ ಕಷ್ಟ ಉಂಟು.

ಸ್ಲೈಡ್ ನೋಡುವವಳು:
ಹೋಗ್ಲೇಬೇಕು ಅಣ್ಣ. ಮುಟ್ಟು ನಿಂತ ಮೇಲೆ ಒಂದು ಹನಿ ಆದ್ರೂ ತೋರಿಸ್ಬೇಕು. ಹಾಗೆ ಹೋಗುವವರಲ್ಲಿ ಸುಮಾರು ಹತ್ತರಲ್ಲಿ ಒಂಬತ್ತು ಜನಕ್ಕೆ ಕ್ಯಾನ್ಸರ್ ಇರುವುದಿಲ್ಲ, ಹೆಚ್ಚಾಗಿ ಒಳಪದರ ತೆಳು ಆದದ್ದು ಅಥವಾ ಪಾಲಿಪ್. ಆದ್ರೆ ಈ ಕ್ಯಾನ್ಸರ್ ಇರುವವರಲ್ಲಿ ಹೆಚ್ಚುಕಡಿಮೆ ಹತ್ತರಲ್ಲಿ ಒಂಬತ್ತು ಜನಕ್ಕೆ ಮೊದಲು ಕಾಣುವುದೂ ಈ ಬ್ಲೀಡಿಂಗೇ. ಒಳಗಿಂದ ಮಾಡುವ ಸ್ಕ್ಯಾನ್ ಕೇಳಿ, ಪದರ 4 ಮಿಲಿಮೀಟರ್ ಅಥವಾ ಕಡಿಮೆ ಇದ್ರೆ ಸಾಧಾರಣ ಭಯ ಇಲ್ಲ, ಹೆಚ್ಚಿದ್ರೆ ಬಯಾಪ್ಸಿ. ಸ್ಕ್ಯಾನ್ ಸರಿ ಬಂದ ಮೇಲೂ ಪುನಃ ಪುನಃ ಹೋದ್ರೆ ಆಗಲೂ ಬಯಾಪ್ಸಿ ಬೇಕು. ಹಂಪನಕಟ್ಟೆಯ ಹತ್ರ ಲೇಡಿಗೋಷನ್ ಸರಕಾರಿ ಹೆಂಗಸರ ಆಸ್ಪತ್ರೆ, ಸ್ಟೇಟ್‌ಬ್ಯಾಂಕ್‌ನಲ್ಲಿ ಬಸ್ ಇಳಿದ್ರೆ ನಡೆದೇ ಹೋಗ್ಬಹುದು. ರೇಷನ್ ಕಾರ್ಡ್, ಆಧಾರ್, ಹಳೆಯ ಚೀಟಿ ಇದ್ರೆ ಎಲ್ಲ ಹಿಡ್ಕೊಂಡು ಬೆಳಿಗ್ಗೆ ಬೇಗ ಹೋಗಿ.

ಬ್ರಹ್ಮಾವರದ ಮಗಳು:
ಬಾಬಣ್ಣ, ಚಿಕ್ಕಮ್ಮನಿಗೆ ನಾಚಿಕೆ ಆದ್ರೆ ನಮ್ಮ ಅಮ್ಮನ ವಿಷಯ ಹೇಳಿ, ಹೇಳ್ಬಹುದು ಅಂತ ಅಮ್ಮನೇ ಅಂದ್ರು. ಎಂಎಂಆರ್ ರಿಪೋರ್ಟ್ ಇವತ್ತು ಬಂತು, ನಾಲ್ಕೂ ಪ್ರೋಟೀನ್ ಉಂಟಂತೆ. ಮತ್ತೆ ಮಾಷ್ಟ್ರೆ, ಅಮ್ಮ ಇವತ್ತು ಒಳಗಿನ ಕೋಣೆಯಿಂದ ಅಜ್ಜನ ಕೊಡತಿ ಹುಡುಕಿ ತೆಗೆದು ಎಣ್ಣೆ ಹಚ್ಚಿ ಇಟ್ಟಿದ್ದಾರೆ.

ಕಾರ್ಕಳದ ಬಾಬು:
ಚಿಕ್ಕಮ್ಮ ಒಪ್ಪಿದ್ರು. ಹೆಂಡತಿಯೂ ಬರ್ತಾಳೆ. ನಾಳೆ ಆರೂವರೆಯ ಬಸ್ಸಿಗೆ ಹೊರಡ್ತೇವೆ.